ಪಟ್ಟಿ ಕಾಕಾ ಕೇಳಿದ ಎರಡು ವರ್ಷ

ಹೋದ ತಿಂಗಳು ಅಂಗಳದಲ್ಲಿ ಕಾಲು ಜಾರಿ ಬಿದ್ದು ಮೊಣಕಾಲಿನ ಕೆಳಗೆ ತರಚಿಕೊಂಡೆ. ದೊಡ್ಡ ಗಾಯವೇನಲ್ಲ, ಆದರೆ ಅರವತ್ತೈದು ದಾಟಿದ ಚರ್ಮ ಬೇಗ ಕೂಡುವುದಿಲ್ಲ. ಕೊಪ್ಪಳದ ನಮ್ಮ ಓಣಿಯಲ್ಲೇ ಇರುವ ಸಣ್ಣ ಕ್ಲಿನಿಕ್ಕಿಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದೆ. ಎರಡು ದಿನ ಬಿಟ್ಟು ಮತ್ತೆ ಹೋದಾಗ ಅಲ್ಲಿನ ನರ್ಸ್ ಹುಡುಗಿ ಗಾಯಕ್ಕೆ ಅಂಟಿಕೊಂಡಿದ್ದ ಬಟ್ಟೆಯ ಅಂಚು ಹಿಡಿದು ಎಳೆಯಲು ಹೋದಳು. "ಮೊದ್ಲ ನೀರು ಹಾಕವ್ವಾ, ನೆನೀಲಿ" ಎಂದು ನಾನು ಕೂಗಿಯೇಬಿಟ್ಟೆ. ಪಾಪ, ಬೆದರಿದಳು. ಉಗುರುಬೆಚ್ಚಗಿನ ಉಪ್ಪುನೀರು ತಂದು ಹನಿಸಿದಳು. ಒಣಗಿದ ರಕ್ತ, ಟಿಂಚರು, ಉಪ್ಪುನೀರು ಮೂರೂ ಸೇರಿ ಒಂದು ವಾಸನೆ ಎದ್ದಿತು. ಅದು ಮೂಗಿಗೆ ಬಡಿದದ್ದೇ ತಡ, ನಾನು ಕುಷ್ಟಗಿಯ ಸರಕಾರಿ ದವಾಖಾನೆಯ ಡ್ರೆಸ್ಸಿಂಗ್ ರೂಮಿನಲ್ಲಿದ್ದೆ... ನಲವತ್ತು ವರ್ಷ ಹಿಂದೆ.

ಆ ರೂಮು ಅವರದು. ದವಾಖಾನೆಯ ದಫ್ತರಿನಲ್ಲಿ ಅವರ ಹುದ್ದೆ 'ಡ್ರೆಸ್ಸರ್' ಎಂದಿತ್ತು. ಊರ ಮಂದಿಗೆ ಅವರು ಪಟ್ಟಿ ಕಾಕಾ. ಹನುಮಸಾಗರದಿಂದ, ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದಿಳಿಯುವವರು ಡಾಕ್ಟರು ಬಂದಿದ್ದಾರೆಯೇ ಎಂದು ಕೇಳುತ್ತಿರಲಿಲ್ಲ, "ಪಟ್ಟಿ ಕಾಕಾ ಅದಾರೇನ್ರಿ?" ಎಂದು ಕೇಳುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ಆಗ ರಾಯಚೂರು ಜಿಲ್ಲೆ. ಕುಕನೂರಿನ ಕಾಳುಕಡಿ ವ್ಯಾಪಾರಿಯ ಮಗಳಾದ ನಾನು ಡಾಕ್ಟರಿಕೆ ಓದಿ, ಮೊದಲ ಸರಕಾರಿ ಕೆಲಸಕ್ಕೆಂದು ಕುಷ್ಟಗಿಗೆ ಬಂದಿದ್ದೆ. ನನಗೆ ಇಪ್ಪತ್ತಾರು ತುಂಬಿರಲಿಲ್ಲ. ಪುಸ್ತಕ ಚೆನ್ನಾಗಿ ಓದಿದ್ದೆ, ಕೈ ಮಾತ್ರ ಪಳಗಿರಲಿಲ್ಲ. ಮೊದಲ ವಾರವೇ ಒಬ್ಬ ರೈತನ ಬೆನ್ನಿನ ಮೇಲಿನ ಕುರು ಕೊಯ್ಯುವಾಗ ಅವಸರ ಮಾಡಿ, ಅವನು ಚೀರಿ, ನಾನೂ ಬೆವತುಹೋಗಿದ್ದೆ. ಅವನು ಹೋದ ಮೇಲೆ ಕಾಕಾ ಬಾಗಿಲು ಮುಂದೆ ಮಾಡಿದರು.

"ಡಾಕ್ಟರಮ್ಮಾರ, ತಪ್ಪು ತಿಳೀಬ್ಯಾಡ್ರಿ. ಕೈ ಭಾಳ ಗಡಿಬಿಡಿ ಮಾಡಾಕತ್ತೈತಿ. ಗಾಯ ಎಲ್ಲೂ ಓಡಿ ಹೋಗಂಗಿಲ್ಲ."

ಇಷ್ಟೇ ಹೇಳಿದ್ದು. ಮಂದಿಯ ಮುಂದೆ ಒಂದು ದಿನವೂ ನನ್ನನ್ನು ತಿದ್ದಲಿಲ್ಲ.

ಆ ಕಾಲಕ್ಕೆ ನಮ್ಮ ಕಡೆ ನಾರುಹುಣ್ಣಿನ ಹಾವಳಿ ವಿಪರೀತ. ಮೆಟ್ಟಿಲು ಬಾವಿಗಿಳಿದು ತುಂಬಿದ ನೀರು ಕುಡಿದವರ ಹೊಟ್ಟೆಗೆ ಆ ಹುಳು ಸೇರಿ, ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆಯಾಗಿ ಒಡೆದು, ಬಿಳಿ ದಾರದಂತೆ ಹೊರಗೆ ಇಣುಕುತ್ತಿತ್ತು. ಅದಕ್ಕೆ ಔಷಧ ಇರಲಿಲ್ಲ. ಕಾಕಾ ರೋಗಿಯ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಡಿಸಿ, ಹುಳುವಿನ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟು ಮಾತ್ರ ಹೊರಗೆ ತೆಗೆಯುತ್ತಿದ್ದರು. ಎಳೆದರೆ ಒಳಗೆ ಹರಿಯುತ್ತದೆ, ಕಾಲು ಕಂಬದಂತೆ ಬಾತುಬಿಡುತ್ತದೆ. ಹದಿನೈದು ದಿನ, ತಿಂಗಳು... ಅದೇ ಕಾಲು, ಅದೇ ಕಡ್ಡಿ. ಬೇಸರವೆಂಬುದು ಅವರ ಮುಖದಲ್ಲಿ ಕಾಣುತ್ತಿರಲಿಲ್ಲ. ಅವರ ಎಡಗಾಲಿನ ಮೀನಖಂಡದಲ್ಲೂ ಅಂಥ ನಾಲ್ಕಾರು ಹಳೆಯ ಕಲೆಗಳಿದ್ದವು. ಹಳ್ಳಿಯಲ್ಲಿ ಬೆಳೆಯುವಾಗ ಅವರಿಗೂ ಆಗಿತ್ತಂತೆ. ಯಾರೋ ಜಗ್ಗಿ ಹರಿದುಬಿಟ್ಟಿದ್ದರಂತೆ.

ನಾನು ಅಲ್ಲಿ ಎರಡು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಊರಲ್ಲೆಲ್ಲ ಕಾಮಣಿ, ಅಂದರೆ ಕಾಮಾಲೆ, ಹಬ್ಬಿತು. ಬಾವಿಗಳು ಬತ್ತಿ ತಳದ ನೀರನ್ನೇ ಕುಡಿಯುತ್ತಿದ್ದ ದಿನಗಳವು. ದಿನಕ್ಕೆ ಹತ್ತು ಹಳದಿ ಕಣ್ಣು ನೋಡುತ್ತಿದ್ದೆ. ಒಂದು ಬೆಳಗ್ಗೆ ಕಾಕಾನ ಕಣ್ಣೂ ಹಳದಿಯಾಗಿದ್ದವು. ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಕಾಕಾ, ನಿಮಗೂ ಹತ್ತಿತಲ್ರೀ. ಎಣ್ಣಿ ಬಿಡ್ರಿ, ಖಾರ ಬಿಡ್ರಿ, ಮಜ್ಜಿಗಿ ಕುಡೀರಿ, ಮನ್ಯಾಗ ಮಲಕೊಳ್ರಿ" ಎಂದೆ. ಹೊಟ್ಟೆ ಮುಟ್ಟಿ ನೋಡಲಿಲ್ಲ. ನೋವಿದೆಯೇ ಎಂದು ಕೇಳಿದೆ, ಇಲ್ಲ ಎಂದರು. ಹೊರಗೆ ಸಾಲು ಕಾಯುತ್ತಿತ್ತು... ಅಷ್ಟಕ್ಕೇ ಬಿಟ್ಟೆ.

ಮೂರು ವಾರ ಹಾಗೆ ಹೋದವು. ಬೇರೆಯವರ ಹಳದಿ ಇಳಿಯಿತು, ಅವರದು ಏರಿತು. ನಾನು ಅವರ ಮನೆಗೆ ಹೋದದ್ದು ಆಗಲೇ. ದವಾಖಾನೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸು. ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರೇ. ನಾನು ಒಳಗೆ ಕಾಲಿಟ್ಟಾಗ ಅರಿಶಿನದಂತಾಗಿದ್ದ ಮನುಷ್ಯ ಒಲೆಯ ಮುಂದೆ ಕೂತು ಅನ್ನಕ್ಕೆ ಎಸರಿಡುತ್ತಿದ್ದರು. ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಸಣ್ಣಂದಿನಲ್ಲಿ ಸಿಡುಬು ಬಂದು ಅವರ ಒಂದು ಕಣ್ಣು ಹೋಗಿತ್ತು ಎಂಬುದು ನನಗೆ ಗೊತ್ತಿತ್ತು. ಇನ್ನೊಂದು ಕಣ್ಣೂ ವರ್ಷಗಳಿಂದ ಮಬ್ಬಾಗುತ್ತ ಬಂದು, ಈಗ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ ಎಂಬುದು ಗೊತ್ತಿರಲಿಲ್ಲ. ದವಾಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀರು ತರುವುದು, ರೊಟ್ಟಿ ಬಡಿಯುವುದು, ಹೆಂಡತಿಯ ತಲೆ ಬಾಚುವುದು ಎಲ್ಲ ಅವರೇ ಮಾಡಿ, ಹೊತ್ತಿಗೆ ಸರಿಯಾಗಿ ಡ್ರೆಸ್ಸಿಂಗ್ ರೂಮಿಗೆ ಬಂದು ನಿಲ್ಲುತ್ತಿದ್ದರು.

ತುಂಬುತೋಳಿನ ಅಂಗಿ ಹಾಕಿದ್ದರು, ಆ ಸೆಕೆಯಲ್ಲಿ. ತೋಳು ಸರಿಸಿದೆ. ಕೆರೆದು ಕೆರೆದು ಚರ್ಮವೆಲ್ಲ ಗೀರು. ಮಂಚದ ಮೇಲೆ ಮಲಗಿಸಿ ಬಲಪಕ್ಕೆಯ ಕೆಳಗೆ ಕೈ ಇಟ್ಟೆ. ಎಳೆ ಬದನೆಕಾಯಿಯಷ್ಟು ದಪ್ಪನೆಯದೊಂದು ನುಣುಪಾಗಿ ಬೆರಳಿಗೆ ತಗುಲಿತು. ಉಬ್ಬಿದ ಪಿತ್ತಕೋಶ. ನೋವಿಲ್ಲದ ಕಾಮಣಿ, ಕೈಗೆ ಸಿಗುವ ಪಿತ್ತಕೋಶ... ಇದರ ಅರ್ಥ ಏನೆಂದು ಓದುವಾಗ ನಮ್ಮ ಗುರುಗಳು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು ಹೇಳಿಕೊಟ್ಟಿದ್ದರು. ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಗಡ್ಡೆ ಬೆಳೆದು ಪಿತ್ತದ ದಾರಿಯನ್ನು ಒತ್ತಿ ಹಿಡಿದಾಗ ಹೀಗಾಗುತ್ತದೆ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಕಾಕಾ ನನ್ನ ಮುಖ ನೋಡಿದರು. "ಚಾ ಕುಡೀತೀರೇನ್ರಿ?" ಎಂದರು.

ಆ ಗುರುಗಳು ಅಷ್ಟರಲ್ಲಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದರು. ಟ್ರಂಕ್ ಕಾಲ್ ಹಾಕಿ ಮಾತಾಡಿದೆ. "ಕರಕೊಂಡು ಬಾ" ಎಂದರು. ನಾನು ರಜೆ ಹಾಕಿದೆ. ಹೊಸಪೇಟೆಯವರೆಗೆ ಬಸ್ಸು, ಅಲ್ಲಿಂದ ರೈಲು. ಹೆಂಡತಿಯನ್ನು ಬಿಟ್ಟು ಬರಲು ಕಾಕಾ ಒಪ್ಪಲಿಲ್ಲ, ಮೂವರೂ ಹೊರಟೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಹೊರಗೆ ಕಂಡದ್ದನ್ನು ಹೆಂಡತಿಗೆ ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದರು. ಜೋಳದ ಹೊಲ ಹೋಯಿತು, ಈಗ ಗುಡ್ಡ ಬಂತು, ಕುರಿ ಮೇಯುತ್ತಿವೆ... ಆಯಮ್ಮ ಹೂಂಗುಟ್ಟುತ್ತಿದ್ದರು.

ಗುರುಗಳು ಒಂದು ವಾರ ಪರೀಕ್ಷೆ ಮಾಡಿಸಿದರು. ಆಗ ಈಗಿನಂತೆ ಒಳಗಿನದನ್ನೆಲ್ಲ ಪರದೆಯ ಮೇಲೆ ನೋಡುವ ಅನುಕೂಲ ಎಲ್ಲಿತ್ತು? ಎಂಟನೆಯ ದಿನ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಕಾಕಾನಿಗೆ ನೇರವಾಗಿ ಹೇಳಿದರು. ಅವರ ಮಾತು ಮೈಸೂರು ಕಡೆಯದು.

"ಗಡ್ಡೆ ಇರೋದು ಖಚಿತ. ಅದರ ಬೆನ್ನಿಗೇ ಒಂದು ದೊಡ್ಡ ನರ ಹಾದುಹೋಗುತ್ತೆ. ಕರುಳಿನ ರಕ್ತವನ್ನೆಲ್ಲ ಯಕೃತ್ತಿಗೆ ಒಯ್ಯೋ ರಕ್ತನಾಳ. ಗಡ್ಡೆ ಅದಕ್ಕೆ ಅಂಟಿದೆಯೋ ಇಲ್ಲವೋ ಅನ್ನೋದು ಹೊಟ್ಟೆ ತೆರೆದ ಮೇಲೇ ಗೊತ್ತಾಗೋದು. ಅಂಟಿದ್ದರೆ ಹೆಚ್ಚಿನವರು ಅಲ್ಲಿಗೇ ನಿಲ್ಲಿಸ್ತಾರೆ. ಪಿತ್ತ ಹರಿಯೋಕೆ ಬೇರೆ ದಾರಿ ಮಾಡಿ ಮುಚ್ಚಿಬಿಡ್ತಾರೆ. ಹಳದಿ ಹೋಗುತ್ತೆ, ತುರಿಕೆ ಹೋಗುತ್ತೆ. ಗಡ್ಡೆ ಅಲ್ಲೇ ಇರುತ್ತೆ. ಕೆಲವು ತಿಂಗಳು..."

"ಇನ್ನೊಂದು ದಾರಿ?" ಕಾಕಾ ಕೇಳಿದರು.

"ಗಡ್ಡೆಯ ಜೊತೆಗೆ ನರದ ಆ ಭಾಗವನ್ನೂ ಕತ್ತರಿಸಿ ತೆಗೆಯೋದು. ಅಲ್ಲಿ ಬೀಳೋ ತೂತಿಗೆ ನಿಮ್ಮದೇ ತೊಡೆಯಿಂದ ಒಂದು ನರ ತೆಗೆದು ತೇಪೆ ಹಾಕೋದು. ನಾನು ಇದನ್ನ ಹೆಚ್ಚು ಸಲ ಮಾಡಿಲ್ಲ. ಸುಳ್ಳು ಹೇಳಲ್ಲ, ಟೇಬಲ್ ಮೇಲೇ ಪ್ರಾಣ ಹೋಗಬಹುದು."

ಕಾಕಾ, ಕಸುಬಿನವರು ಕಸುಬಿನವರನ್ನು ಕೇಳುವಂತೆ ಕೇಳಿದರು: "ಪ್ಲಾಸ್ಟಿಕ್ ನಳಿಗಿ ಹಾಕ್ತಾರಂತ ಕೇಳೀನ್ರಿ. ಅದು ಬ್ಯಾಡೇನು?"

"ಅಲ್ಲಿ ಪಿತ್ತ, ಕರುಳಿನ ರಸ ಎಲ್ಲ ಸೋರೋ ಜಾಗ. ಹೊರಗಿನ ವಸ್ತು ಇಟ್ಟರೆ ಕೀವು ಕಟ್ಟೋ ಭಯ ಜಾಸ್ತಿ. ನಿಮ್ಮದೇ ನರವಾದರೆ ಮೈ ಒಪ್ಪಿಕೊಳ್ಳುತ್ತೆ."

"ಕಾಲಾಗಿನ ನರ ತಗದ್ರ ಕಾಲು ನಡೀತೈತೇನ್ರಿ?"

"ನಡೆಯುತ್ತೆ. ನಾವು ತೆಗೆಯೋದು ಚರ್ಮದ ಕೆಳಗಿನದು. ಒಳಗೆ ಇನ್ನೊಂದು ದೊಡ್ಡದಿದೆ, ಕೆಲಸ ಅದು ಮಾಡುತ್ತೆ."

ಗುರುಗಳು ಅವರನ್ನು ನಿಲ್ಲಿಸಿ ಎರಡೂ ಕಾಲು ನೋಡಿದರು. ಎಡಗಾಲಿನಲ್ಲಿ ನಾರುಹುಣ್ಣಿನ ಗಂಟುಗಳು. ಅಲ್ಲಿ ಚರ್ಮ ಒಳಗಿನವರೆಗೂ ಗಟ್ಟಿಯಾಗಿತ್ತು. ಬಲಗಾಲಿನ ನರ ತೊಡೆಯ ಸಂದಿಯವರೆಗೂ ಮೆತ್ತಗೆ, ನೆಟ್ಟಗೆ ಇತ್ತು. "ಇದು ಸಾಕು" ಎಂದು ಬೆರಳಿನಿಂದ ಗೆರೆ ಎಳೆದರು.

ಆಗ ಕಾಕಾ ಒಂದು ಮಾತು ಕೇಳಿದರು. ನನಗೆ ನಾಚಿಕೆಯಾಯಿತು, ಗುರುಗಳು ಏನು ತಿಳಿದುಕೊಳ್ಳುತ್ತಾರೋ ಎಂದು. "ಸಾಹೇಬ್ರ, ನಿಮ್ಮ ಕೈ ಒಂದ್ಸಲ ತೋರಸ್ತೀರೇನ್ರಿ?"

ಗುರುಗಳು ನಕ್ಕು ಎರಡೂ ಕೈ ಮುಂದೆ ಚಾಚಿದರು. ಕಾಕಾ ಆ ಕೈಗಳನ್ನು ತಮ್ಮ ಕೈಯಲ್ಲಿಟ್ಟುಕೊಂಡು, ತಿರುವಿ ನೋಡಿ, ಬೆರಳುಗಳ ತುದಿ ಮುಟ್ಟಿ ನೋಡಿ, ಮೆಲ್ಲಗೆ ಬಿಟ್ಟರು. "ಗಡಿಬಿಡಿ ಇಲ್ಲದ ಕೈ ಅದಾವು. ಮಾಡ್ರಿ. ನನಗ ಎರಡು ವರ್ಷ ಬೇಕ್ರಿ. ನಮ್ಮ ಮನಿಯಾಕಿಗೆ ಒಲಿ ಹಚ್ಚೂದರಿಂದ ಹಿಡದು ಎಲ್ಲಾ ಕಲಸಬೇಕು. ಇಷ್ಟು ದಿನಾ ನಾನು ಅದೀನಂತ ಕಲಸಲಿಲ್ಲ. ತಪ್ಪು ನಂದ."

"ಎರಡು ವರ್ಷ ಅಂತ ನಾನು ಮಾತು ಕೊಡಲಾರೆ" ಎಂದರು ಗುರುಗಳು.

"ಮಾತು ಬ್ಯಾಡ್ರಿ. ಕೆಲಸ ಮಾಡ್ರಿ ಸಾಕು."

ಹಾಸಿಗೆಯ ಆಚೆ ಬದಿಗೆ ನಿಂತಿದ್ದ ಹೆಂಡತಿ ಆಗ ಬಾಯಿ ಬಿಟ್ಟರು. "ನಾನು ಏನೂ ಕಲಿಯೂದಿಲ್ಲ. ಊರಿಗೆ ಹೋಗೂಣು ನಡೀರಿ." ಅವತ್ತೆಲ್ಲ ಗಂಡನ ಜೊತೆ ಮಾತಿಲ್ಲ. ಮರುದಿನ ಬೆಳಗ್ಗೆ ನಾನು ಚಾ ತಂದುಕೊಟ್ಟಾಗ ಲೋಟ ಹಿಡಿದುಕೊಂಡು ಕೂತೇ ಇದ್ದರು. ಆಮೇಲೆ ಕೇಳಿದರು: "ಮುಚ್ಚಿ ಕಳಿಸಿದ್ರ, ಇನ್ನ ಎಷ್ಟು ದಿನಾ ಅಂತ ನಮ್ಮ ಮನಿಯವ್ರಿಗೆ ತಿಳೀತೈತೇನ್ರಿ?"

ಸುಳ್ಳು ಹೇಳಬಹುದಿತ್ತು. "ತಿಳೀತೈತ್ರಿ" ಎಂದೆ. "ಮೂವತ್ತು ವರ್ಷ ದವಾಖಾನ್ಯಾಗ ಅದಾರ."

"ಹಂಗಾರ ಮಾಡಲಿ. ದಿನಾ ಎಣಿಸಿಕೋತ ಕುಂತವ್ರ ಮಗ್ಗಲಕ ನನಗ ಕುಂದ್ರಾಕ ಆಗೂದಿಲ್ಲ." ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಜಾಗ ತೋರಿಸಲು ನಾನು ಅವರ ಬೆರಳು ಹಿಡಿದೆ. ತಣ್ಣಗಿತ್ತು.

ಗುರುಗಳು ನನ್ನನ್ನೂ ಒಳಗೆ ಕರೆದರು. ಕರುಳು ಸರಿಸಿ ಹಿಡಿಯುವ ಕೆಲಸ ನನ್ನದು. ಬೆಳಗ್ಗೆ ಎಂಟಕ್ಕೆ ಹೊಟ್ಟೆ ತೆರೆದರು. ಗಡ್ಡೆ ನೆಲ್ಲಿಕಾಯಿಗಿಂತ ತುಸು ದೊಡ್ಡದು. ಬೇರೆ ಎಲ್ಲಿಯೂ ಹರಡಿದಂತೆ ಕಾಣಲಿಲ್ಲ. ಸುತ್ತಲಿನದನ್ನೆಲ್ಲ ಬಿಡಿಸುತ್ತ ಬಿಡಿಸುತ್ತ ಮಧ್ಯಾಹ್ನವಾಯಿತು. ಕೊನೆಗೆ ಆ ದೊಡ್ಡ ನರದ ಹತ್ತಿರ ಬಂದರು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಗಡ್ಡೆ ಅದರ ಗೋಡೆಗೆ ಕಚ್ಚಿಕೊಂಡಿತ್ತು. ಗುರುಗಳು ಕೈ ನಿಲ್ಲಿಸಿದರು. ಅಲ್ಲಿದ್ದ ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದೆವು.

"ಕಾಲು" ಎಂದರು.

ಇನ್ನೊಬ್ಬ ಸರ್ಜನ್ನರು ಬಲತೊಡೆಯ ಸಂದಿಯಿಂದ ಒಂದು ಗೇಣಿನಷ್ಟು ಕೊಯ್ದು ಮೂರು ಬೆರಳಿನುದ್ದದ ನರವನ್ನು ತೆಗೆದರು. ಒದ್ದೆ ಬಟ್ಟೆಯ ಮೇಲಿಟ್ಟು ಉದ್ದಕ್ಕೆ ಸೀಳಿದಾಗ ಅದು ಚಪ್ಪಟೆಯಾಗಿ, ತೆಳ್ಳಗೆ, ಬಿಳಿಯಾಗಿ ಬಿಚ್ಚಿಕೊಂಡಿತು. ಇಷ್ಟೇನಾ ಎನಿಸಿತು ನನಗೆ. ಇಷ್ಟು ತೆಳ್ಳನೆಯದು ಅಲ್ಲಿನ ರಕ್ತದ ಒತ್ತಡವನ್ನು ತಡೆದೀತೇ?

ಗುರುಗಳು ದೊಡ್ಡ ನರವನ್ನು ಮೇಲೆ ಕೆಳಗೆ ಚಿಮಟದಿಂದ ಬಿಗಿದರು. ಅಲ್ಲಿಂದಾಚೆ ಹೊತ್ತು ಬಹಳ ಇರುವುದಿಲ್ಲ. ಮುಂದೆ ಹೋಗಲು ದಾರಿಯಿಲ್ಲದ ರಕ್ತ ಕರುಳಿನಲ್ಲಿ ನಿಲ್ಲುತ್ತದೆ. ನಾನು ಹಿಡಿದಿದ್ದ ಕರುಳು ಕಣ್ಣೆದುರೇ ನೇರಳೆ ಬಣ್ಣಕ್ಕೆ ತಿರುಗತೊಡಗಿತು, ಭಾರವಾಗತೊಡಗಿತು. ಗುರುಗಳು ಗೋಡೆಯ ಆ ತುಣುಕನ್ನು ಗಡ್ಡೆಯೊಂದಿಗೆ ಕತ್ತರಿಸಿ ತೆಗೆದರು. ಬಾಯಿಬಿಟ್ಟ ತೂತಿನ ಮೇಲೆ ತೊಡೆಯ ನರವನ್ನು ಹಾಸಿ, ಕೂದಲಿನಂಥ ದಾರದಿಂದ ಹೊಲಿಯತೊಡಗಿದರು. ಅರಿವಳಿಕೆಯವರು ನಿಮಿಷ ಹೇಳುತ್ತಿದ್ದರು. ಗುರುಗಳ ಸೂಜಿ ಮಾತ್ರ ಒಂದೇ ಹದದಲ್ಲಿ ಹೋಗಿಬರುತ್ತಿತ್ತು. ಗಾಯ ಎಲ್ಲೂ ಓಡಿ ಹೋಗಂಗಿಲ್ಲ ಎಂದ ಕಾಕಾನ ಮಾತು ಕಿವಿಯಲ್ಲಿ... ಇಲ್ಲ, ಆಗ ನೆನಪಾಗಿರಲಾರದು. ನಾನು ಕರುಳು ಹಿಡಿದು ನಿಂತಿದ್ದೆ, ಅಷ್ಟೇ.

ಚಿಮಟ ಸಡಿಲಿಸಿದರು. ತೇಪೆ ನಡುಗಿತು, ಉಬ್ಬಿತು, ನೀಲಿಯಾಯಿತು. ಒಂದು ಮೂಲೆಯಿಂದ ರಕ್ತ ಚಿಮ್ಮಿತು. ಗುರುಗಳು ಅದರ ಮೇಲೆ ಬೆರಳಿಟ್ಟು ಇನ್ನೊಂದು ಹೊಲಿಗೆ ಹಾಕಿದರು. ಬೆರಳು ತೆಗೆದರು. ಒಣಗಿತ್ತು. ನನ್ನ ಕೈಯಲ್ಲಿದ್ದ ಕರುಳು ನಿಧಾನವಾಗಿ ಗುಲಾಬಿ ಬಣ್ಣಕ್ಕೆ ಮರಳುತ್ತಿತ್ತು. ಆ ಬಣ್ಣವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಕರುಳು, ಪಿತ್ತನಾಳ ಎಲ್ಲ ಜೋಡಿಸಿ ಮುಗಿಸುವಾಗ ಸಂಜೆ ಐದಾಗಿತ್ತು. ನಾನು ಹೊರಗೆ ಓಡಿದೆ. ಆಯಮ್ಮ ಬೆಳಗ್ಗೆ ಕೂತ ಬೆಂಚಿನಲ್ಲೇ ಕೂತಿದ್ದರು. ನನ್ನ ಹೆಜ್ಜೆಯ ಸಪ್ಪಳಕ್ಕೇ ಎದ್ದು ನಿಂತರು. ಗಂಡ ಹೇಗಿದ್ದಾರೆ ಎಂದು ಕೇಳಲಿಲ್ಲ.

"ಕಾಲಿಗೆ ಪಟ್ಟಿ ಕಟ್ಟ್ಯಾರೇನ್ರಿ?"

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಕಾಲು ಕೊಯ್ದಿದ್ದರೆ ಡಾಕ್ಟರು ನಡುವೆ ನಿಲ್ಲಿಸಿಲ್ಲ ಎಂದರ್ಥ. ದಿನವಿಡೀ ಆ ಬೆಂಚಿನ ಮೇಲೆ ಅವರು ಯೋಚಿಸಿದ್ದು ಅದೊಂದನ್ನೇ.

"ಕಟ್ಟ್ಯಾರ್ರಿ ಅವ್ವಾ. ಬಲಗಾಲಿಗೆ" ಎಂದೆ. ಅವರು ಮತ್ತೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ವಾರ್ಡಿಗೆ ತಂದ ಮೇಲೆ ಹೊದಿಕೆಯ ಮೇಲಿಂದಲೇ ಕೈಯಾಡಿಸಿ, ತೊಡೆಯ ಮೇಲಿನ ಪಟ್ಟಿ ಹುಡುಕಿ, ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು.

ಮೊದಲ ವಾರ ತೂಗುಯ್ಯಾಲೆ. ಜ್ವರ ಬಂತು, ಇಳಿಯಿತು. ಹೊಟ್ಟೆಯ ಗಾಯ ಕೂಡಿತು. ತೊಡೆಯ ಗಾಯವೇ ಸೋರತೊಡಗಿ ಕಾಡಿತು. ಅದಕ್ಕೆ ದಿನಾ ಪಟ್ಟಿ ಬದಲಿಸಲು ಬರುತ್ತಿದ್ದ ತರುಣಿಗೆ ಕಾಕಾ ಮಲಗಿದ್ದಲ್ಲಿಂದಲೇ ಪಾಠ. "ತಂಗೀ, ಮೊದ್ಲ ನೀರು. ನೆನೀಲಿ. ಹಾಂ, ಈಗ ಅಂಚು ಎತ್ತು... ಜಗ್ಗಬ್ಯಾಡ." ಆಕೆಗೆ ಅವರ ಮಾತು ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಹಾಗೆಯೇ ಮಾಡುತ್ತಿದ್ದಳು. ತೆಗೆದ ಗಡ್ಡೆಯ ವರದಿ ಬಂತು. ಕ್ಯಾನ್ಸರೇ. ಕಾಕಾ ತಲೆಯಾಡಿಸಿದರು. "ಗೊತ್ತೈತಿ ಬಿಡ್ರಿ" ಎಂದರು.

ಊರಿಗೆ ಬಂದ ಮೂರು ತಿಂಗಳಿಗೆ ಕೆಲಸಕ್ಕೆ ಹಾಜರಾದರು. ಮೈ ಅರ್ಧ ಇಳಿದಿತ್ತು. ಬಲಗಾಲು ಸಂಜೆಯ ಹೊತ್ತಿಗೆ ತುಸು ಬಾಯುತ್ತಿತ್ತು, ಸ್ಟೂಲಿನ ಮೇಲಿಟ್ಟುಕೊಂಡೇ ಮಂದಿಗೆ ಪಟ್ಟಿ ಕಟ್ಟುತ್ತಿದ್ದರು. ಅರ್ಧ ದಿನ ದವಾಖಾನೆ, ಅರ್ಧ ದಿನ ಮನೆಯಲ್ಲಿ ಪಾಠ.

ಆ ಪಾಠ ನಾನು ನೋಡಿದ್ದೇನೆ. ಒಂದು ಭಾನುವಾರ ಹೋದಾಗ ಕಾಕಾ ಮಂಚದ ಮೇಲೆ ಎರಡೂ ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು, ತಾವಾಗಿಯೇ ಮುಂದೆ ಚಾಚಿಬಿಡುತ್ತವೆ ಎಂದು. ಆಯಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಮಣಿಕಟ್ಟಿನ ಮೇಲೆ ಸುಟ್ಟ ಕಲೆ, ಅದಕ್ಕೆ ಅಚ್ಚುಕಟ್ಟಾದ ಪಟ್ಟಿ. ರೊಟ್ಟಿ ಹಂಚಿನ ಅಂಚಿಗೆ ಬಿತ್ತು. "ತುಸು ಎಡಕ್ಕ..." ಎಂದರು ಕಾಕಾ. "ಸುಮ್ಮ ಕುಂದರ್ರಿ. ನನಗ ಗೊತ್ತೈತಿ" ಎಂದು ಗದರಿತು ಆ ಕಡೆಯಿಂದ. ಕಾಕಾ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಆ ರೊಟ್ಟಿಯ ಒಂದು ಬದಿ ಕರಕಲು, ಇನ್ನೊಂದು ಬದಿ ಹಸಿ. ಮೂವರೂ ತಿಂದೆವು.

ಮೆಲ್ಲಗೆ ಆಯಮ್ಮ ನೀರಿನ ನಲ್ಲಿಗೆ ತಾವೇ ಹೋಗಿ ಬರುವಂತಾದರು. ಅಂಗಡಿಯ ದಾರಿ ಹೆಜ್ಜೆಯ ಲೆಕ್ಕದಲ್ಲಿ ಬಾಯಿಪಾಠವಾಯಿತು. ಕಾಕಾ ದವಾಖಾನೆಯಿಂದ ಥಾನು ಬಟ್ಟೆ ತಂದು, ಗಾಯಕ್ಕೆ ಇಡುವ ಬಟ್ಟೆಯ ಮಡಿಕೆಗಳನ್ನು ಮಾಡಲು, ಪಟ್ಟಿ ಸುರುಳಿ ಸುತ್ತಲು ಕಲಿಸಿದರು. ಅದರಲ್ಲಿ ಆಯಮ್ಮನ ಬೆರಳು ಅವರದನ್ನೂ ಮೀರಿಸಿದವು. ಅಂಚು ಅಂಚಿಗೆ ಕೂಡಿ, ಒಂದು ನೂಲೂ ಹೊರಗಿಲ್ಲದಂಥ ಮಡಿಕೆ. ನಾನು ಮೇಲಿನವರಿಗೆ ಬರೆದು, ಓಡಾಡಿ, ಆಯಮ್ಮನಿಗೆ ದವಾಖಾನೆಯಲ್ಲೇ ದಿನಗೂಲಿಯ ಕೆಲಸ ಕೊಡಿಸಿದೆ. ಡ್ರೆಸ್ಸಿಂಗ್ ರೂಮಿನ ಒಂದು ಮೂಲೆಯಲ್ಲಿ ಹೆಂಡತಿ ಮಡಿಸುವುದು, ಇನ್ನೊಂದು ಮೂಲೆಯಲ್ಲಿ ಗಂಡ ಕಟ್ಟುವುದು. ಹಳ್ಳಿಯ ಹೆಣ್ಣುಮಕ್ಕಳು ಕಾಲು ಬಕೆಟ್ಟಿನಲ್ಲಿಟ್ಟುಕೊಂಡು ಇಬ್ಬರ ಜೊತೆಗೂ ಹರಟೆ ಹೊಡೆಯುತ್ತಿದ್ದರು.

ಹೀಗೆ ಒಂದೂವರೆ ವರ್ಷ ದಾಟಿತು. ಎರಡನೆಯ ಚಳಿಗಾಲದಲ್ಲಿ ಬೆನ್ನುನೋವು ಸುರುವಾಯಿತು. ಹೊಟ್ಟೆಯ ಮೇಲೆ ಕೈ ಇಟ್ಟಾಗ ಯಕೃತ್ತು ಗಂಟುಗಂಟಾಗಿ ಸಿಕ್ಕಿತು. ಈ ಸಲ ನಾನು ತಡ ಮಾಡಿರಲಿಲ್ಲ, ಆದರೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ಮತ್ತೊಮ್ಮೆ ಬೆಂಗಳೂರಿಗೆ ಹೋಗೋಣವೇ ಎಂದೆ.

"ಬ್ಯಾಡ್ರಿ. ಆ ಸಾಹೇಬ್ರು ಹಾಕಿದ ತ್ಯಾಪಿ ಇನ್ನೂ ಗಟ್ಟಿ ಐತಿ. ಹರದದ್ದು ಬ್ಯಾರೆ ಕಡಿ" ಎಂದರು. ಆಮೇಲೆ ಹೆಂಡತಿಯ ಕಡೆ ನೋಡಿ, "ಸೂಜಿಗೆ ದಾರ ಪೋಣಿಸೂದೊಂದು ಕಲಸೂದು ಉಳೀತು. ಭಾಳ ಪ್ರಯತ್ನ ಮಾಡಿದಿವಿ. ಆಗಲಿಲ್ಲ" ಎಂದರು. ಅದನ್ನೇ ದೊಡ್ಡ ಸೋಲಿನಂತೆ ಹೇಳಿದರು.

ಶಿವರಾತ್ರಿ ಕಳೆದ ನಾಲ್ಕು ದಿನಕ್ಕೆ, ಮಧ್ಯಾಹ್ನದ ಹೊತ್ತು, ಅದೇ ಕ್ವಾರ್ಟರ್ಸಿನಲ್ಲಿ ಹೋದರು. ಕೇಳಿದ ಎರಡು ವರ್ಷಕ್ಕೆ ಮೂರು ತಿಂಗಳು ಕಡಿಮೆ. ಹನುಮಸಾಗರದ ಬಸ್ಸಿನಲ್ಲಿ ಬಂದವರು ದವಾಖಾನೆಯ ಮುಂದೆ ಇಳಿದು, ಸುದ್ದಿ ಕೇಳಿ, ಕಾಲಿಗೆ ಹಳೆಯ ಪಟ್ಟಿ ಕಟ್ಟಿಕೊಂಡೇ ಮಣ್ಣಿಗೆ ನಡೆದರು.

ಅದಾದ ಒಂದು ವರ್ಷಕ್ಕೆ ನನಗೆ ಗಂಗಾವತಿಗೆ ವರ್ಗವಾಯಿತು. ಹೊರಡುವ ಮುನ್ನ ಆಯಮ್ಮನಿಗೆ ಹೇಳಿಹೋಗಲೆಂದು ಡ್ರೆಸ್ಸಿಂಗ್ ರೂಮಿಗೆ ಹೋದೆ. ಮೂಲೆಯಲ್ಲಿ ಕೂತು ಮಡಿಸುತ್ತಿದ್ದರು. ಬೇರೆ ಯಾರೂ ಇರಲಿಲ್ಲ. ಎರಡು ಮೂರು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡದ್ದು ಅವತ್ತು ತಾನಾಗಿ ಹೊರಬಂತು.

"ಅವ್ವಾ, ಆ ಬ್ಯಾಸಿಗ್ಯಾಗ ಮೂರು ವಾರ ನಾನು ಸಾದಾ ಕಾಮಣಿ ಅಂತ ತಿಳಕೊಂಡ್ನಿ. ಹೊಟ್ಟಿ ಮುಟ್ಟಿ ನೋಡ್ಲಿಲ್ಲ. ಮೊದ್ಲ ನೋಡಿದ್ರ, ಬಹುಶಃ ಗಡ್ಡಿ ಆ ನರಕ್ಕ ಅಂಟ್ತಿರಲಿಲ್ಲೋ ಏನೋ..."

ಅವರ ಕೈ ನಿಲ್ಲಲಿಲ್ಲ. ಒಂದು ಮಡಿಕೆ ಮುಗಿಸಿ ಗುಡ್ಡೆಯ ಮೇಲಿಟ್ಟು ಹೇಳಿದರು.

"ಅವ್ರಿಗೆ ಗೊತ್ತಿತ್ತ್ರಿ. ನಿಮಗ ಕಣ್ಣು ತೋರಸೂಕಿಂತ ಒಂದು ತಿಂಗಳು ಮೊದ್ಲ, ಮೈ ತುರಸಾಕ ಹತ್ತಿದಾಗ, ಗೊತ್ತಾಗಿತ್ತು. ಅಂಥಾ ಇಬ್ರನ್ನ ತಮ್ಮ ನೌಕರಿಯಾಗ ನೋಡಿದ್ರಂತ. ಹೇಳಿದ್ರ ನೀವು ದೊಡ್ಡ ಊರಿಗೆ ಕಳಸ್ತೀರಿ, ನಾನು ಇಲ್ಲಿ ಒಬ್ಬಾಕಿ ಆಗ್ತೀನಿ ಅಂತ ಮುಚ್ಚಿಟ್ಟಿದ್ರು. ನಿಮ್ಮ ಮುಂದ ಹಳದಿ ತೋರಸಿದಾಗೂ, ನೀವು ಸಾದಾ ಕಾಮಣಿ ಅಂದಿದ್ದು ಅವ್ರಿಗೆ ಛಲೋನ ಆತು."

ಪಕ್ಕದ ಸ್ಟೂಲಿನ ಮೇಲೆ ಕೂತೆ. "ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಹೋಗೂ ಮುಂದ ನನಗ ಹೇಳಿದ್ರು. 'ಆ ಹುಡುಗಿ ಮನಸಿಗೆ ಹಚ್ಚಿಕೊಂಡೈತಿ. ಕೇಳಿದ್ರ ಹೇಳು. ಕೇಳಲಿಲ್ಲಂದ್ರ ಮರತೈತಿ ಅಂತ ಬಿಡು, ನೀನಾಗಿ ಎತ್ತಬ್ಯಾಡ' ಅಂತ. ಒಂದು ವರ್ಷ ನೀವು ಕೇಳ್ಲಿಲ್ಲ. ಮರತ್ರಿ ಅಂತ ನಾನೂ ಸುಮ್ಮನಿದ್ದೆ."

ಆಮೇಲೆ ಏನು ಮಾತಾಡಿದೆವೋ ನೆನಪಿಲ್ಲ... ನನ್ನ ಕೈಗೆ ಒಂದಿಷ್ಟು ಬಟ್ಟೆ ಕೊಟ್ಟರು. ಬಸ್ಸಿನ ಹೊತ್ತಾಗುವವರೆಗೂ ಅವರ ಪಕ್ಕ ಕೂತು ಮಡಿಸಿದೆ. ನನ್ನವು ಸೊಟ್ಟವಾದವು, ಅವರು ಬಿಚ್ಚಿ ಮತ್ತೆ ಮಡಿಸಿದರು.

ಆಯಮ್ಮ ಇನ್ನೂ ಹನ್ನೊಂದು ವರ್ಷ ಅದೇ ಊರಿನಲ್ಲಿ, ದವಾಖಾನೆಯ ಹತ್ತಿರದ ಒಂದು ಬಾಡಿಗೆ ಕೋಣೆಯಲ್ಲಿ ಇದ್ದರು. ತಮ್ಮ ಅನ್ನ ತಾವೇ ಬೇಯಿಸಿಕೊಂಡರು. ಕೊನೆಯ ವಾರದವರೆಗೂ ಕೆಲಸಕ್ಕೆ ಬಂದಿದ್ದರಂತೆ. ಗುರುಗಳೂ ಹೋಗಿ ಬಹಳ ಕಾಲವಾಯಿತು. ನಾರುಹುಣ್ಣು ನಮ್ಮ ಕಡೆಯಿಂದ ಪೂರ್ತಿ ತೊಲಗಿತು. ಈಗಿನ ಡಾಕ್ಟರ ಮಕ್ಕಳಿಗೆ ಹೇಳಿದರೆ ಕಥೆಯೆಂದುಕೊಳ್ಳುತ್ತಾರೆ. ಹೊಟ್ಟೆಯ ಆ ನರಕ್ಕೆ ಮೈಯ ಬೇರೆ ಕಡೆಯ ನರ ತಂದು ಹೊಲಿಯುವ ಶಸ್ತ್ರಕ್ರಿಯೆ ಈಗ ಎಷ್ಟೋ ಕಡೆ ನಡೆಯುತ್ತದೆ ಎಂದು ಓದುತ್ತಿರುತ್ತೇನೆ. ಓದಿದಾಗಲೆಲ್ಲ ಆ ಗುಲಾಬಿ ಬಣ್ಣ ಕಣ್ಣಿಗೆ ಬರುತ್ತದೆ.

ಆದರೆ ನನ್ನನ್ನು ಕಾಡುವುದು ಅದಲ್ಲ. ಊರಿಗೆ ಮರಳಿದ ಮೇಲೆ ಕಾಕಾ ಪ್ರತಿದಿನ ನನ್ನೆದುರೇ ಇದ್ದರು. ಬೆಳಗ್ಗೆ ನಮಸ್ಕಾರ ಹೇಳುತ್ತಿದ್ದರು, ಮಧ್ಯಾಹ್ನ ಒಟ್ಟಿಗೆ ಚಾ ಕುಡಿಯುತ್ತಿದ್ದೆವು. ತಪ್ಪಾಯಿತು ಕಾಕಾ ಎನ್ನಲು ಎಷ್ಟೋ ಸಲ ಬಾಯಿ ತೆರೆದು ಬೇರೆ ಏನೋ ಮಾತಾಡಿದ್ದೇನೆ. ಅಂದು ಅಂದಿದ್ದರೆ ಅವರೂ ತಮ್ಮ ಮಾತು ಹೇಳುತ್ತಿದ್ದರು. ಇಬ್ಬರೂ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು, ಒಂದೇ ರೂಮಿನಲ್ಲಿ, ಮಂದಿಯ ಗಾಯ ತೊಳೆಯುತ್ತ ನಿಂತಿದ್ದೆವು.